ಹಲ್ಲು ಮುರಿಯದ ಕ್ಯಾಸೆಟ್ಟು

ಅವನ ಅಂಗಡಿಗೆ ಹೋದವರಿಗೆ ಮೊದಲು ಸಿಗುತ್ತಿದ್ದುದು ನಮಸ್ಕಾರವಲ್ಲ, ಒಂದು ಸಂಖ್ಯೆ. "ನಾನೂರ ಹನ್ನೆರಡು" ಎನ್ನುತ್ತಿದ್ದ, ತಲೆ ಎತ್ತದೆ. ಇಲ್ಲವೆ "ಎಪ್ಪತ್ತಾರು." ಹರಿಹರದಲ್ಲಿ ಹಳೇ ಸೇತುವೆ ಕಡೆಯ ಒಂದು ಗಲ್ಲಿಯಲ್ಲಿ ಅವನು ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಿದ್ದ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಬಾರದೆಂದು ಅಲ್ಲಿಯವರೆಗಿನ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ ಎಡಗೈಯ ಬೆರಳೊಂದನ್ನು ಎತ್ತುತ್ತಿದ್ದ. ಆ ಬೆರಳು ಇಳಿಯುವ ತನಕ ಬಂದವರು ನಿಂತಿರಬೇಕು. ಪಂಪ್‌ಸೆಟ್ಟು ಹೊತ್ತು ತಂದ ಕೊಂಡಜ್ಜಿ ಕಡೆಯ ರೈತರು ನಿಲ್ಲುತ್ತಿದ್ದರು, ಕಾರ್ಖಾನೆಯ ಸೂಪರ್‌ವೈಸರು ನಿಲ್ಲುತ್ತಿದ್ದ, ನಾನೂ ನಿಂತಿದ್ದೇನೆ.

ನಾವು ಅವನನ್ನು ಉಸ್ತಾದ್ ಎಂದು ಕರೆಯುತ್ತಿದ್ದೆವು. ಮೊದಲು ತಮಾಷೆಗೆ, ಆಮೇಲೆ ಅಭ್ಯಾಸವಾಗಿ. ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಬರೆಯಲು ಒಂದು ಯೋಗ್ಯತೆ ಬೇಕು, ಅದು ನನಗಿಲ್ಲ. ಎರಡು ತಿಂಗಳ ಹಿಂದೆ ಅವನು ದಾವಣಗೆರೆಯ ಆನೆಕೊಂಡದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡ. ನಾನು ಅವನಿಗೆ ಒಂದು ಅನ್ಯಾಯ ಮಾಡಿದ್ದೆ. ಅದು ಗೊತ್ತಾಗಬೇಕಾಗಿದ್ದ ಇನ್ನಿಬ್ಬರು ಗೆಳೆಯರಲ್ಲಿ ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಎಲ್ಲಿದ್ದಾನೋ ತಿಳಿಯದು. ಹೇಳಲು ಯಾರೂ ಉಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಇದ್ದದ್ದನ್ನು ಇದ್ದಂತೆ ಬರೆಯುವುದಷ್ಟೇ ನನ್ನಿಂದಾದೀತು.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಜನ ಖಾಲಿ ಕ್ಯಾಸೆಟ್ಟು, ಬೇಕಾದ ಹಾಡುಗಳ ಪಟ್ಟಿ ತಂದುಕೊಡುತ್ತಿದ್ದರು, ನಾವು ತುಂಬಿಸಿಕೊಡುತ್ತಿದ್ದೆವು. ನನ್ನ ಅಕ್ಷರ ದುಂಡಗಿತ್ತು, ಹಾಗಾಗಿ ಕ್ಯಾಸೆಟ್ಟಿನ ಮೇಲೆ ಚೀಟಿ ಬರೆಯುವುದು ನನ್ನ ಪಾಲಿನದು. ಭಾನುವಾರ ಮಧ್ಯಾಹ್ನ ಮಾಲೀಕರು ಬೀಗದ ಕೈ ನನಗೆ ಕೊಟ್ಟು ಮನೆಗೆ ಹೋಗುತ್ತಿದ್ದರು. ಅವರು ತಿರುವು ದಾಟುತ್ತಲೇ ನಾವು ನಾಲ್ವರು ಒಳಗೆ ಸೇರಿ ಶಟರನ್ನು ಅರ್ಧಕ್ಕೆ ಎಳೆದುಕೊಳ್ಳುತ್ತಿದ್ದೆವು.

ನಾವು ಕೇಳುತ್ತಿದ್ದುದು ಹೆವಿ ಮೆಟಲ್. ಗಿಟಾರಿನ ಸದ್ದನ್ನು ಒಡೆದುಹೋಗುವಷ್ಟು ಏರಿಸಿ ಬಾರಿಸುವ, ಗಂಟಲು ಹರಿಯುವಂತೆ ಹಾಡುವ ಇಂಗ್ಲಿಷ್ ಸಂಗೀತ. ದಾವಣಗೆರೆಯಲ್ಲಿ ಅದನ್ನು ಕೇಳುವವರು ನಾವು ನಾಲ್ವರೇ ಎಂದು ನಂಬಿದ್ದೆವು. ಆ ನಂಬಿಕೆಯೇ ನಮ್ಮ ಸುಖ. ಕ್ಯಾಸೆಟ್ಟುಗಳನ್ನು ತರುತ್ತಿದ್ದವನು ಪ್ರಸಾದ. ಬೆಂಗಳೂರಿನವನು, ಇಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ಕೂದಲು ಕಾಲರಿಗೆ ಮುಟ್ಟುತ್ತಿತ್ತು. ಇನ್ನೊಬ್ಬ ಮಲ್ಲೇಶಿ, ದೊಡ್ಡ ಬಟ್ಟೆ ಅಂಗಡಿಯವರ ಮಗ. ಮನೆಯಲ್ಲಿ ಪೂಜೆ ಮುಗಿಸಿ ಹಣೆಯ ಮೂರು ಗೆರೆ ವಿಭೂತಿಯೊಂದಿಗೇ ಬಂದು ಸ್ಪೀಕರಿನ ಎದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಮೂರನೆಯವನು ಉಸ್ತಾದ್. ಅಂಗಡಿಯ ಟೇಪ್ ಡೆಕ್ ರಿಪೇರಿಗೆಂದು ಬಂದವನು ಪರೀಕ್ಷೆಗೆ ಹಾಕಿದ ಕ್ಯಾಸೆಟ್ಟನ್ನು ಎರಡೂ ಬದಿ ಕೇಳಿ, ಮುಂದಿನ ಭಾನುವಾರ ಕರೆಯದೆ ಬಂದ. ನಾಲ್ಕನೆಯವನು ನಾನು. ನಾನು ಅಲ್ಲಿ ನ್ಯಾಯಾಧೀಶ.

ಇದನ್ನು ಬಿಡಿಸಿ ಹೇಳಬೇಕು. ಹಾಡಿನ ಬಗೆಯನ್ನು ನಾವು 'ಜಾತಿ' ಎನ್ನುತ್ತಿದ್ದೆವು. ಇದು ಹಾರ್ಡ್ ರಾಕೋ, ಹೆವಿ ಮೆಟಲ್ಲೋ, ಅಥವಾ ಮೆಟಲ್ಲಿನ ವೇಷ ಹಾಕಿದ ಸಿನಿಮಾ ಹಾಡೋ ಎಂದು ತೀರ್ಮಾನಿಸದೆ ನಾನು ಚೀಟಿ ಬರೆಯುತ್ತಿರಲಿಲ್ಲ. ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಆರಿಸಿ ತಂದು, ನಿಘಂಟು ಇಟ್ಟುಕೊಂಡು ಓದಿ, ಯಾವ ತಂಡ ಯಾವ ಜಾತಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಕಾಲೇಜು ಮೆಟ್ಟಿಲು ಹತ್ತದ ನನ್ನನ್ನು ಇಂಜಿನಿಯರಿಂಗ್ ಹುಡುಗ "ಇದೇನು ಗುರು?" ಎಂದು ಕೇಳುತ್ತಿದ್ದುದು ಆ ಒಂದು ನೋಟ್‌ಬುಕ್ಕಿನ ಬಲದಿಂದ.

"ಅಲ್ಲೋ, ನಮ್ಮನಿಯಾಗೂ ಜಾತಿ, ಇಲ್ಲೂ ಜಾತಿ," ಎಂದು ಮಲ್ಲೇಶಿ ಗೊಣಗುತ್ತಿದ್ದ. "ಸುಮ್ನೆ ಹಾಕಪ್ಪಾ, ಕೇಳಾಣ."

"ಹಾರ್ಡ್ ರಾಕ್‌ನ ಮೆಟಲ್ ಅಂತ ಬರೆದ್ರೆ ನಾಳೆ ಯಾರು ಜವಾಬ್ದಾರಿ?" ಎನ್ನುತ್ತಿದ್ದೆ ನಾನು.

"ಯಾರು ಕೇಳ್ತಾರ್ಲೇ? ಡಿ.ಸಿ. ಸಾಹೇಬ್ರು ಬಂದು ನೋಡ್ತಾರಾ?"

"ಮಾಸ್ತರ್ ಬರೀಲಿ ಬಿಡು," ಎನ್ನುತ್ತಿದ್ದ ಉಸ್ತಾದ್. ನನ್ನನ್ನು ಅವನು ಮಾಸ್ತರ್ ಎಂದೇ ಕರೆಯುತ್ತಿದ್ದುದು. "ಡಬ್ಬಿ ಮ್ಯಾಲೆ ಏನಾರ ಬರೀಬೇಕಲ್ಲ. ಇಲ್ಲಾಂದ್ರೆ ಉಪ್ಪಿಟ್ಟಿಗೆ ಸಕ್ರೆ ಬೀಳ್ತೈತೆ."

ಉಸ್ತಾದನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉರ್ದು ಮನೆಯಲ್ಲಿ, ಕನ್ನಡ ಹೊರಗೆ. ಅವನಿಗೆ ಅವನದೇ ಜಾತಿಗಳಿದ್ದವು: ಹಗುರ ಹಾಡು ಸಿಂಗಲ್ ಫೇಸ್, ಭಾರದ್ದು ತ್ರೀ ಫೇಸ್. ಸದ್ದು ಮಾತ್ರ ದೊಡ್ಡದಾಗಿ ಒಳಗೇನೂ ಇಲ್ಲದ ಹಾಡು ಬಂದರೆ "ಇದು ಲೋಡ್ ಇಲ್ದೇ ತಿರುಗ್ತೈತೆ" ಎನ್ನುತ್ತಿದ್ದ. ಒಂದು ತಂಡದ ಬಗ್ಗೆ, "ಇವ್ರು ದಿನಾ ಶಿಫ್ಟ್ ಮುಗ್ಸಿ ಬಂದು ಬಾರ್ಸೋರು. ತೋಳು ಸೋತಾವೆ, ಆದ್ರೂ ಬಿಡವಲ್ರು" ಎಂದ. ಅವರು ನಿಜಕ್ಕೂ ಕಾರ್ಖಾನೆ ಊರಿನಿಂದ ಬಂದವರೆಂದು ಪ್ರಸಾದ ಎಲ್ಲೋ ಓದಿದ್ದ. ಹೇಳಲು ಬಾಯಿ ತೆರೆದ. ಉಸ್ತಾದ್ ಕೈಯೆತ್ತಿ ತಡೆದ. "ಹೇಳಬ್ಯಾಡ. ಹೇಳಿದ್ರೆ ಆಮ್ಯಾಲೆ ಅದೇ ಕೇಳ್ತೈತೆ."

ಹಾಡು ಕೇಳುವಾಗ ಎಲ್ಲರೂ ಸ್ಪೀಕರ್ ನೋಡಿದರೆ ಅವನು ಕ್ಯಾಸೆಟ್ಟಿನ ತಿರುಗುವ ಗಾಲಿ ನೋಡುತ್ತಿದ್ದ. ತಲೆ ಅಲ್ಲಾಡಿಸುತ್ತಿರಲಿಲ್ಲ, ಕಾಲು ಕುಣಿಸುತ್ತಿರಲಿಲ್ಲ. ತುಂಬ ಹಿಡಿಸಿದರೆ ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಿದ್ದ, ಅಷ್ಟೇ. ಹರಿಹರದಲ್ಲಿ ಅವನ ಅಂಗಡಿಯಲ್ಲೂ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಇದೇ ಹಾಡುಗಳು. ಒಮ್ಮೆ ನಾನಲ್ಲಿದ್ದಾಗ ಗಿರಾಕಿಯೊಬ್ಬ ಬಂದು ಗಾಬರಿಯಿಂದ ಒಳಗೆಲ್ಲ ನೋಡಿದ.

"ಭಾಯಿ, ಯಾವ್ದೋ ಮೋಟಾರಿಂದು ಬೇರಿಂಗ್ ಹೋಗೈತೆ ನೋಡ್ರಿ, ಆಫ್ ಮಾಡ್ರಿ ಮೊದ್ಲು."

"ಹೌದ್ರೀ, ವಿಲಾಯತಿ ಮೋಟಾರು," ಎಂದ ಉಸ್ತಾದ್. "ಇನ್ನೆರಡು ನಿಮಿಷ, ತಾನೇ ಆಫ್ ಆಗ್ತೈತೆ. ಕೂಡ್ರಿ."

ನಮ್ಮ ನಡುವೆ ಇನ್ನೊಂದು ನಂಬಿಕೆ ಇತ್ತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಂತೆಲ್ಲ ಹಾಡಿನ ಹಿಂದೆ ಸ್‌ಸ್ ಎಂಬ ಸದ್ದು ಹೆಚ್ಚುತ್ತದೆ. ಲಂಡನ್ನಿನಿಂದ ಮುಂಬೈಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ದಾವಣಗೆರೆಗೆ ಬರುವ ಹೊತ್ತಿಗೆ ಹಾಡಿನಷ್ಟೇ ಜೋರಾಗಿ ಆ ಸ್‌ಸ್ ಕೇಳುತ್ತಿತ್ತು. ಸಾಮಾನ್ಯ ಗಿರಾಕಿಗಳು ಅದನ್ನು ದೋಷ ಎಂದರೆ ನಾವು ಅದನ್ನೇ ಅಸಲಿತನದ ಗುರುತೆಂದು ಹಿಡಿದಿದ್ದೆವು. ಸ್ವಚ್ಛವಾಗಿ ಕೇಳಿದರೆ ಅನುಮಾನ. "ದೂರದಿಂದ ಬಂದದ್ದಕ್ಕೆ ಧೂಳು ಇರಲೇಬೇಕು" ಎಂದು ನಾನೇ ಒಂದು ಸೂತ್ರ ಮಾಡಿದ್ದೆ.

ಈಗ ನನಗಾದ ಅವಮಾನದ ವಿಷಯ. ಅವಮಾನ ಎಂದು ನಾನು ಆಗ ತಿಳಿದದ್ದು.

ಒಂದು ಭಾನುವಾರ ಪ್ರಸಾದ ಹಾಸ್ಟೆಲಿನಲ್ಲಿ ಯಾರಿಂದಲೋ ಇಳಿಸಿಕೊಂಡ ಕ್ಯಾಸೆಟ್ಟು ತಂದ. ಮೇಲೆ ತಂಡದ ಹೆಸರಿಲ್ಲ. ಹಾಕಿದೆವು. ಅಬ್ಬಾ ಎಂಥ ವೇಗ! ಮೊದಲನೆಯ ಹಾಡಿಗಿಂತ ಎರಡನೆಯದು ಜೋರು, ಎರಡನೆಯದಕ್ಕಿಂತ ಮೂರನೆಯದು. ಹಾಡುವವನ ದನಿ ಹೆಂಗಸಿನ ದನಿಯಷ್ಟು ತೆಳ್ಳಗೆ. ನಾನು ಆ ವಾರವಷ್ಟೇ ಸ್ಪೀಡ್ ಮೆಟಲ್ ಎಂಬ ಹೊಸ ಜಾತಿಯ ಬಗ್ಗೆ ಓದಿದ್ದೆ. ಎದ್ದು ನಿಂತು ಭಾಷಣ ಮಾಡಿದೆ. ಹಾಡಿನಿಂದ ಹಾಡಿಗೆ ವೇಗ ಹೆಚ್ಚುತ್ತ ಹೋಗುವುದೇ ಈ ಜಾತಿಯ ಲಕ್ಷಣ, ಮನುಷ್ಯ ಯಂತ್ರವಾಗುವುದನ್ನು ಅವರು ಹೀಗೆ ತೋರಿಸುತ್ತಾರೆ ಎಂದೆಲ್ಲ ಹೇಳಿ ದುಂಡಗೆ ಚೀಟಿಯನ್ನೂ ಬರೆದೆ.

ಉಸ್ತಾದ್ ಗಾಲಿಯನ್ನೇ ನೋಡುತ್ತಿದ್ದ. "ಮಾಸ್ತರ್, ಇದನ್ನ ಇಳಿಸ್ಕೊಂಡ ಮಷೀನ್ನಾಗೆ ಸೆಲ್ಲು ಸಾಯ್ತಾ ಇದ್ವು," ಎಂದ.

"ಅಂದ್ರೆ?"

"ಸೆಲ್ಲು ಸಾಯ್ತಾ ಹೋದಂಗೆ ಮೋಟಾರ್ ನಿಧಾನ ಆಗ್ತೈತೆ. ನಿಧಾನ ತಿರುಗೋವಾಗ ತುಂಬ್ಸಿದ್ದು ಇಲ್ಲಿ ಸರಿಯಾಗಿ ತಿರುಗಿದ್ರೆ ಓಡ್ತೈತೆ. ಅಷ್ಟೇ."

ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಡೆಕ್ಕಿನ ಹಿಂದೆ ಕೈ ಹಾಕಿ ತಿರುಪು ತಿರುಗಿಸಿದ. ಹಾಡು ನಿಧಾನವಾಯಿತು, ದನಿ ಇಳಿಯಿತು. ಇಳಿದ ಮೇಲೆ ಗೊತ್ತಾಯಿತು: ಅದು ನಾನು ಎರಡು ವರ್ಷದಿಂದ "ಸಪ್ಪೆ, ಮೆಟಲ್ಲೇ ಅಲ್ಲ" ಎಂದು ಜರೆಯುತ್ತ ಬಂದಿದ್ದ ತಂಡ. ಪ್ರಸಾದ ನೆಲಕ್ಕೆ ಬಿದ್ದು ನಕ್ಕ. ಮಲ್ಲೇಶಿ ನಾನು ಬರೆದ ಚೀಟಿಯನ್ನು ಕಿತ್ತು ಹಣೆಗೆ ಒತ್ತಿಕೊಂಡು, "ಗುರುಗಳ ಪ್ರಸಾದ, ಮನಿಗೆ ಒಯ್ತೀನಿ" ಎಂದ. ಉಸ್ತಾದ್ ಮಾತ್ರ ನಗಲಿಲ್ಲ. "ತಪ್ಪು ಮಾಸ್ತರ್‌ದಲ್ಲ, ಸೆಲ್ಲಿಂದು" ಎಂದ. ಅವನು ನಕ್ಕಿದ್ದರೆ ನಾನು ಅದನ್ನು ಮರೆಯುತ್ತಿದ್ದೆನೇನೋ.

ಅದಾದ ನಾಲ್ಕೈದು ತಿಂಗಳಿಗೆ ಅವನು ನನ್ನನ್ನು ಹರಿಹರಕ್ಕೆ ಕರೆದ. ಹೋದಾಗ ಬೆರಳು ಎತ್ತಿದ್ದ. ಇಳಿಸಿದ ಮೇಲೆ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಗೋಣಿಚೀಲ ಸರಿಸಿ ಒಂದು ಗಿಟಾರ್ ತೋರಿಸಿದ. ತಾನೇ ಮಾಡಿದ್ದು. ಹಳೇ ಸಾಗವಾನಿ ಬಾಗಿಲಿನ ಹಲಗೆ, ಕೆಟ್ಟ ಸ್ಪೀಕರಿನ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಂತಿ. ಆ ತಂತಿಯನ್ನು ಕೈಯಿಂದಲೇ ಸುತ್ತಿದ್ದ. ಆರು ಸಾವಿರ ಸುತ್ತು. ಎರಡು ಸಲ ತುಂಡಾಗಿ ಎರಡು ಸಲ ಮೊದಲಿನಿಂದ ಶುರುಮಾಡಿದ್ದನಂತೆ. ಹಳೆಯ ವಾಲ್ವ್ ರೇಡಿಯೊದ ಮೂಲಕ ಬಾರಿಸಿದರೆ ಸದ್ದು ಒಡೆದು, ಕಿವಿ ತುಂಬಿ ಬರುತ್ತಿತ್ತು.

"ಎಷ್ಟು ದಿನ ಆತು?"

"ಮೂರು ವರ್ಷ. ಯಾರಿಗೂ ಗೊತ್ತಿಲ್ಲ. ಅಮ್ಮಾಗೆ ಸದ್ದಷ್ಟೇ ಗೊತ್ತು. ಗ್ರೈಂಡರ್ ಟೆಸ್ಟಿಂಗ್ ಅನ್ಕೊಂಡಾಳೆ."

ಒಂದು ಕ್ಯಾಸೆಟ್ಟು ಕೊಟ್ಟ. ಎರಡು ಟೇಪ್ ರೆಕಾರ್ಡರ್ ಎದುರುಬದುರು ಇಟ್ಟು, ಮೊದಲು ಒಂದು ಬ್ಯಾಂಡ್‌ಸೆಟ್ಟಿನ ಡ್ರಮ್ಮು ಮತ್ತು ಎಣ್ಣೆಯ ಪೀಪಾಯಿ ಬಡಿದು ತುಂಬಿಸಿ, ಅದನ್ನು ಹಾಕಿಕೊಂಡು ಮೇಲೆ ಗಿಟಾರ್, ಅದರ ಮೇಲೆ ಇನ್ನೊಂದು ಗಿಟಾರ್. ಹಾಡಿನಲ್ಲಿ ಮಾತಿಲ್ಲ. ಹನ್ನೊಂದು ನಿಮಿಷ. ನಾನು ಅಲ್ಲೇ ಕೂತು ಮೂರು ಸಲ ಕೇಳಿದೆ. ಅದು ಹೇಗಿತ್ತೆಂದು ಬರೆಯಲು ಪದವಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೊಂದು ಜಾತಿ ಇಲ್ಲ ಎಂದಷ್ಟೇ ಹೊಳೆಯಿತು. ಹೊಳೆದದ್ದರಿಂದ ಸಂತೋಷವಾಗಲಿಲ್ಲ.

"ಈ ಭಾನುವಾರ ನಾ ಬರಲ್ಲ," ಎಂದ. "ನಂದು ಅಂತ ಹೇಳಬ್ಯಾಡ. ಎಲ್ಲಿಂದಾನ ಬಂತು ಅನ್ನು, ಹಾಕು. ನಂದು ಅಂದ್ರೆ ಅವ್ರು ದೋಸ್ತಿಗೆ ಚೆನ್ನಾಗೈತೆ ಅಂತಾರೆ. ನಂಗೆ ಅದು ಬ್ಯಾಡ. ಇದು ಅಸಲಿನೋ, ನಾ ಸುಮ್ನೆ ನಕಲು ಹೊಡೀತಿದೀನೋ, ಅದೊಂದು ಗೊತ್ತಾಗ್ಬೇಕು."

"ಗೊತ್ತಾದ್ಮೇಲೆ?"

"ಅಸಲಿ ಅಂದ್ರೆ ಇದನ್ನ ಬಿಡಲ್ಲ. ಬೆಂಗ್ಳೂರಿಗೆ ಹೋಗಿ ಅಲ್ಲಿ ಬಾರ್ಸೋರ ಜತೆ ಕೂಡ್ತೀನಿ, ಒಂದ್ಸಲ ನೋಡ್ತೀನಿ. ಅಲ್ಲಾಂದ್ರೆ ಮೋಟಾರ್ ಸುತ್ಕೊಂಡಿರ್ತೀನಿ. ಇದೂ ಕೆಲ್ಸಾನೇ."

ಆಮೇಲೆ ಅವನು ಒಂದು ಏರ್ಪಾಡು ಹೇಳಿದ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತವೆ. ನಾವು ಹಲ್ಲು ಎನ್ನುತ್ತಿದ್ದೆವು. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನನ್ನೂ ತುಂಬಿಸಲು ಆಗುವುದಿಲ್ಲ. ಖಾಲಿ ಕ್ಯಾಸೆಟ್ಟು ಸುಲಭಕ್ಕೆ ಸಿಗದ ಕಾಲ. ಹಳೆಯದನ್ನು ಅಳಿಸಿ ಹೊಸದು ತುಂಬಿಸುವುದೇ ರೂಢಿ. ಹಾಗಾಗಿ ನಮ್ಮ ಗುಂಪಿನಲ್ಲಿ ಹಲ್ಲು ಮುರಿಯುವುದೆಂದರೆ ಪಟ್ಟ ಕಟ್ಟಿದಂತೆ. ಇದು ಉಳಿಯತಕ್ಕದ್ದು ಎಂದು ನಾಲ್ವರೂ ಒಪ್ಪಿದ ಮೇಲೆಯೇ ಮುರಿಯುತ್ತಿದ್ದೆವು.

"ಅವ್ರು ಒಪ್ಪಿದ್ರೆ ಹಲ್ಲು ಮುರ್ದು ತಗೊಂಡ್ಬಾ. ಇಲ್ಲಾಂದ್ರೆ ಹಂಗೇ ತಾ," ಎಂದ. "ಬಾಯಿಂದ ಏನೂ ಹೇಳಬ್ಯಾಡ ಮಾಸ್ತರ್. ನಿಂಗೆ ಹೇಳಾಕೆ ಕಷ್ಟ, ನಂಗೆ ಕೇಳಾಕೆ ಕಷ್ಟ."

ನನಗೆ ಕಷ್ಟವಾಗಬಾರದೆಂದು ಅವನು ಮಾಡಿದ ಏರ್ಪಾಡು ಅದು.

ಭಾನುವಾರ ಹಾಕಿದೆ. ಯಾವುದೋ ಹೊರದೇಶದ ತಂಡ, ಮುಂಬೈಯ ಪರಿಚಯದವನು ಕಳಿಸಿದ್ದಾನೆ, ವಾಪಸು ಕೊಡಬೇಕು ಎಂದೆ. ಮೊದಲ ನಿಮಿಷದಲ್ಲೇ ಪ್ರಸಾದ ಕೈಯಲ್ಲಿದ್ದ ಬನ್ನು ಕೆಳಗಿಟ್ಟ. ಮಲ್ಲೇಶಿ ಕೂತವನು ಎದ್ದು ನಿಂತ, ನಿಂತವನು ಡೆಕ್ಕಿನ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟ. ಮುಗಿದಮೇಲೆ ಇಬ್ಬರೂ ಒಟ್ಟಿಗೆ ಮಾತಾಡಿದರು.

"ಗುರು, ಇದು ಮೆಟಲ್! ಇಷ್ಟು ದಿನ ನಾವು ಕೇಳಿದ್ದೆಲ್ಲ ಇದಕ್ಕೆ ತಯಾರಿ ಅಷ್ಟೇ," ಎಂದ ಪ್ರಸಾದ.

"ಮೆಟಲ್ ಅಲ್ಲಲೇ ಇದು. ಅದಕ್ಕಿಂತ ಹಳೇದು. ಆ ಡ್ರಮ್ ಕೇಳಿದ್ಯಾ? ಯಾವ್ದೋ ಗುಡಿ ಮುಂದೆ ಬಡಿದಂಗೈತೆ," ಎಂದ ಮಲ್ಲೇಶಿ.

"ಜರ್ಮನಿ ಇರ್ಬೇಕು. ಅವರೇ ಹಿಂಗೆ ತಗಡು ಬಡಿಯೋದು."

"ಜರ್ಮನಿ ಅಲ್ಲ. ಜರ್ಮನ್ನರು ಇಷ್ಟು ದುಃಖ ಪಡಲ್ಲ."

"ನೀನು ಯಾವಾಗ ಹೋಗಿದ್ದೆ ಜರ್ಮನಿಗೆ? ರೇಷ್ಮೆ ಸೀರೆ ಮಾರೋಕಾ?"

"ಸೀರೆ ಮಾರೋನಿಗೇ ದುಃಖ ಗೊತ್ತಾಗೋದು, ನಿಂಗಲ್ಲ. ಆ ಸ್‌ಸ್ ಕೇಳು. ನಾಲ್ಕು ಕೈ ದಾಟಿ ಬಂದಿರೋ ಮಾಲು. ಅಸಲಿ!"

ಎರಡು ತಾಸು ಜಗಳವಾಡಿದರು. ಅದು ಮೆಟಲ್ಲೋ ಅಲ್ಲವೋ ಎಂದು ಕೊನೆಗೂ ಇತ್ಯರ್ಥವಾಗಲಿಲ್ಲ. ಅಸಲಿ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಸಂಶಯವಿರಲಿಲ್ಲ. ನನ್ನ ತೀರ್ಪನ್ನು ಯಾರೂ ಕೇಳಲಿಲ್ಲ; ನೋಟ್‌ಬುಕ್ಕು ನನ್ನ ತೊಡೆಯ ಮೇಲೇ ಮುಚ್ಚಿಕೊಂಡಿತ್ತು. ಕೊನೆಗೆ ಮಲ್ಲೇಶಿ, "ಮುರೀರಿ ಹಲ್ಲು, ಯಾವನಾರ ಇದರ ಮ್ಯಾಲೆ ಮದುವಿ ಹಾಡು ತುಂಬ್ಸಿಗಿಂಬ್ಸ್ಯಾನು" ಎಂದು ಕ್ಯಾಸೆಟ್ಟು ತೆಗೆದು ಉಗುರನ್ನು ಅಂಚಿಗೆ ಹಚ್ಚಿದ. ನಾನು ಕಸಿದುಕೊಂಡೆ. "ಬೇರೆಯವರ್ದು. ಮುರಿಯಂಗಿಲ್ಲ" ಎಂದೆ. ಇಳಿಸಿಕೊಳ್ಳುತ್ತೇವೆ ಎಂದರು. ಅದನ್ನೂ ಬೇಡ ಎಂದೆ.

ಬುಧವಾರ ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಯಾಸೆಟ್ಟು ಅಂಗಿಯ ಜೇಬಿನಲ್ಲಿತ್ತು. ಮುರಿಯಲು ಒಂದು ಉಗುರು ಸಾಕು. ಸೇತುವೆಯ ಹತ್ತಿರ ಇಳಿಯುವವರೆಗೂ ಮುರಿಯುತ್ತೇನೆ ಎಂದುಕೊಂಡಿದ್ದೆ. ಮುರಿಯಲಿಲ್ಲ. ನಾನು ವರ್ಷಗಟ್ಟಲೆ ಓದಿ ಬರೆದುಕೊಂಡದ್ದನ್ನು ಇಂಗ್ಲಿಷ್ ಓದಲು ಬಾರದವನೊಬ್ಬ ಬಾಗಿಲಿನ ಹಲಗೆಯಿಂದ ಮಾಡಿ ತೋರಿಸಿದ್ದ. ಅವನದು ಅಸಲಿಯಾದರೆ ನಾನು ಏನು ಎಂಬ ಪ್ರಶ್ನೆ ಇತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಅವನು ಅಂದು ಸುತ್ತು ಎಣಿಸುತ್ತಿರಲಿಲ್ಲ. ಕೆಲಸವಿಲ್ಲದೆ ಕೂತಿದ್ದ. ಕ್ಯಾಸೆಟ್ಟು ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಸವರಿದ, ಒಂದು ಮೂಲೆ, ಆಮೇಲೆ ಇನ್ನೊಂದು. ಎರಡೂ ಹಲ್ಲು ಇದ್ದವು. ನಾನು ಒಂದು ಮಾತೂ ಆಡಲಿಲ್ಲ. ಆಡಬೇಡ ಎಂದು ಅವನೇ ಹೇಳಿದ್ದನಲ್ಲ.

"ಚಾ ಕುಡೀತೀಯಾ ಮಾಸ್ತರ್?" ಎಂದ.

ಕುಡಿದೆ. ಒಳ್ಳೆಯ ಚಹಾ. ಸಕ್ಕರೆ ಸರಿಯಾಗಿತ್ತು.

ಹದಿನೈದು ದಿನಗಳಲ್ಲಿ ಅವನು ಆ ಕ್ಯಾಸೆಟ್ಟಿನ ಮೇಲೆ ತನ್ನ ಷಡ್ಡಕನ ನಿಕಾಹ್ ತುಂಬಿಸಿದ್ದ. ಅದನ್ನು ಅಂಗಡಿಗೆ ತಂದು ಚೀಟಿ ಬರೆಸಿಕೊಂಡ. ನಾನು ದುಂಡಗೆ ಬರೆದುಕೊಟ್ಟೆ. ಭಾನುವಾರಗಳಿಗೆ ಬರುವುದು ಕಡಿಮೆಯಾಯಿತು, ನಿಂತಿತು. ಕೇಳಿದರೆ "ಬ್ಯಾಸಿಗಿ, ಮೋಟಾರ್ ಜಾಸ್ತಿ ಸುಡ್ತಾವೆ" ಎನ್ನುತ್ತಿದ್ದ. ಮಳೆಗಾಲದಲ್ಲೂ ಬರಲಿಲ್ಲ. ಮಲ್ಲೇಶಿ ಎಷ್ಟೋ ಸಲ ಆ ಜರ್ಮನ್ ಟೇಪು ಎಲ್ಲಿ ಎಂದು ಕೇಳಿದ. ಅವನು ಸಾಯುವ ಮುಂಚೆ ಆಸ್ಪತ್ರೆಯಲ್ಲೂ ನಗುತ್ತ ಕೇಳಿದ್ದ. ಮುಂಬೈಯವನು ವಾಪಸು ಒಯ್ದ ಎಂಬ ಸುಳ್ಳನ್ನು ಅಲ್ಲೂ ಹೇಳಿದೆ.

ಅಂಗಡಿ ಮುಚ್ಚಿತು, ಕ್ಯಾಸೆಟ್ಟುಗಳು ಹೋದವು, ನಾನು ಬೇರೆ ಬೇರೆ ಕೆಲಸ ಮಾಡಿ ಮುದುಕನಾದೆ. ಉಸ್ತಾದ್ ಕಂಡಾಗ ಮಾತಾಡುತ್ತಿದ್ದೆವು. ಆಮೇಲೆ ಅವನು ಅಂಗಡಿ ಬಿಟ್ಟ, ಕಾಣುವುದೂ ನಿಂತಿತು. ಹೋದ ವರ್ಷ ಪಿ.ಜೆ. ಬಡಾವಣೆಯಲ್ಲಿ ಕಿವಿ ಡಾಕ್ಟರ ಕ್ಲಿನಿಕ್ಕಿನ ಮುಂದೆ ಅವನ ಮಗಳು ಸಿಕ್ಕಳು. ಅಪ್ಪನಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಸ್ವಲ್ಪ ಉಳಿದಿದೆ, ಅದೂ ಹೆಚ್ಚು ದಿನ ಇರುವುದಿಲ್ಲವಂತೆ ಎಂದಳು. ಅವನ ಆ ಸ್ವಲ್ಪ ಕಿವಿ ಮುಚ್ಚುವುದರೊಳಗೆ ಹೇಳದಿದ್ದರೆ ಇನ್ನು ಹೇಳಲು ಆಗುವುದಿಲ್ಲ ಎಂಬುದು ಸ್ಪಷ್ಟವಿತ್ತು. ಭಾನುವಾರ ಆನೆಕೊಂಡಕ್ಕೆ ಹೋದೆ.

ಕಬ್ಬಿಣದ ಮಂಚದ ಮೇಲೆ ಕೂತಿದ್ದ. ಸಣ್ಣಗಾಗಿದ್ದ. ಪಕ್ಕದಲ್ಲಿ ಕೂತು ಮೆಲ್ಲಗೆ ಶುರುಮಾಡಿದೆ.

"ಜೋರಾಗಿ ಹೇಳು, ಕೇಳಂಗಿಲ್ಲ."

ದನಿ ಏರಿಸಿದೆ. ಕೈಯನ್ನು ಕಿವಿಗೆ ಹಿಡಿದು ತಲೆ ಅಲ್ಲಾಡಿಸಿದ. ಮೂರನೆಯ ಸಲ ಕೂಗಿಯೇ ಹೇಳಬೇಕಾಯಿತು. "ಅವತ್ತು ಅವ್ರು ಹಲ್ಲು ಮುರೀ ಅಂದಿದ್ರು! ನಾನೇ ಮುರೀಲಿಲ್ಲ! ಹೊಟ್ಟೆಕಿಚ್ಚಿಗೆ ಮುರೀಲಿಲ್ಲ!" ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು ನಿಂತಳು. ಮೆಲ್ಲಗೆ ಮಾಡಿದ ತಪ್ಪನ್ನು ಓಣಿಗೆಲ್ಲ ಕೇಳುವಂತೆ ಒಪ್ಪಿಕೊಂಡೆ.

ಅವನು ನನ್ನ ಬಾಯಿಯನ್ನೇ ನೋಡಿದ. ಶರ್ಟಿನ ಗುಂಡಿಗೆ ಕೈ ಹೋಯಿತು, ಬಿಚ್ಚಲಿಲ್ಲ.

"ಏನೇನಂದ್ರು? ಎಲ್ಲಾ ಹೇಳು."

ಪ್ರಸಾದ ಬನ್ನು ಕೆಳಗಿಟ್ಟದ್ದು, ಮಲ್ಲೇಶಿ ಡೆಕ್ಕಿನ ಮೇಲೆ ಕೈಯಿಟ್ಟದ್ದು, ಜರ್ಮನಿ, ದುಃಖ, ಎರಡು ತಾಸಿನ ಜಗಳ, ಎಲ್ಲವನ್ನೂ ಕೂಗಿ ಹೇಳಿದೆ. "ಇನ್ನೊಂದ್ಸಲ" ಎಂದ. ಕೇಳಿಸದೆ ಅಂದದ್ದಲ್ಲ. ಮತ್ತೆ ಹೇಳಿದೆ.

"ಅವತ್ತಿಂದ ನನ್ನ ಕಿವಿ ಮ್ಯಾಲೆ ನಂಗೆ ಭರೋಸಾ ಹೋತು ಮಾಸ್ತರ್," ಎಂದ ನಿಧಾನವಾಗಿ. "ಇಷ್ಟು ಚೆನ್ನಾಗೈತೆ ಅನ್ಸಿದ್ದು ಸುಳ್ಳಾದ್ರೆ ಮೋಟ್ರು ಸದ್ದು ಸರಿ ಐತೆ ಅನ್ಸಿದ್ದೂ ಸುಳ್ಳಿರ್ಬೋದಲ್ಲ? ಆಮ್ಯಾಲೆ ಪ್ರತಿ ಮೋಟ್ರಿಗೂ ಮೀಟರ್ ಹಚ್ಚಿ ನೋಡಿ ಕೊಟ್ಟೆ. ಮೀಟರ್ ಒಂದಿನಾನೂ ನನ್ನ ಕಿವಿ ತಪ್ಪು ಅನ್ಲಿಲ್ಲ. ಆದ್ರೂ ಹಚ್ಚಿದೆ. ಅಂಗಡಿ ಬಿಡೋ ತನಕ."

ನಾನು ಕ್ಷಮೆ ಕೇಳಿದೆ. "ಮಾಫಿದು ಆಮ್ಯಾಲೆ ನೋಡಾಣ" ಎಂದ. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಒಳಗೆ ನೋಡಿ ಮಗಳನ್ನು ಕರೆದ. "ಬಾ ಇಲ್ಲಿ. ಇವನು ಹೇಳೋದು ಕೇಳು."

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತರ ಹತ್ತಿರದವಳು, ಶಾಲೆಯಲ್ಲಿ ಟೀಚರು. ಎಲ್ಲ ಕೇಳಿಯಾಗಿತ್ತು ಅವಳಿಗೆ. "ನಮ್ಮ ಅಬ್ಬಾ ಗಿಟಾರ್ ಬಾರ್ಸ್ತಿದ್ರಾ?" ಎಂದು ನನ್ನನ್ನು ಕೇಳಿದಳು. "ನಮ್ಮನೇಲಿ ಒಬ್ರಿಗೂ ಗೊತ್ತಿಲ್ಲ. ಅವ್ರು ಒಂದು ಹಾಡು ಗುನುಗಿದ್ದೂ ನಾ ಕೇಳಿಲ್ಲ. ಹೆಂಗಿತ್ತು ಅಂಕಲ್ ಅದು?"

ಹಾಡಲು ನನಗೆ ಬಾರದು. ಆದರೆ ಅದರ ಮೊದಲ ಪೆಟ್ಟುಗಳು ನೆನಪಿದ್ದವು. ಬೆರಳ ಗೆಣ್ಣಿನಿಂದ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬಡಿದು ತೋರಿಸಿದೆ. ಉಸ್ತಾದ್ ಅಂಗೈಯನ್ನು ಪಟ್ಟಿಯ ಮೇಲಿಟ್ಟ.

"ತಪ್ಪು. ಮೂರನೇದು ತಡ ಆಗಿ ಬರ್ಬೇಕು. ಇನ್ನೊಂದ್ಸಲ."

ಬಡಿದೆ. "ಈಗ ಬಾಳ ತಡ ಆತು." ಮತ್ತೆ ಬಡಿದೆ. "ಊಹ್ಞೂಂ." ಬಾಗಿಲ ಹೆಂಗಸು ಮನೆಗೆ ಹೋದಳು. ನನ್ನ ಗೆಣ್ಣು ಕೆಂಪಾಯಿತು. ಏಳುವಾಗ, "ಮುಂದಿನ ಐತ್ವಾರ ಬಾ" ಎಂದ.

ಹೋದೆ. ಅದರ ಮುಂದಿನದಕ್ಕೂ ಹೋದೆ. ಉಳಿದ ಕಿವಿ ಬೇಸಿಗೆಯೊಳಗೆ ಪೂರ್ತಿ ಮುಚ್ಚಿತು. ಅಂಗೈ ಸಾಕಾಗಿತ್ತು ಅವನಿಗೆ. ನಾನು ಬಡಿಯುವುದು, ಅವನು ಅಂಗೈ ಎತ್ತಿ ತಲೆ ಅಡ್ಡ ಆಡಿಸುವುದು, ಮಗಳು ಪಕ್ಕದಲ್ಲಿ ಮಕ್ಕಳ ಕಾಪಿ ತಿದ್ದುತ್ತ ನೋಡುವುದು. ಅವನಿದ್ದ ಕೊನೆಯ ಭಾನುವಾರ ನಾನು ನಾಲ್ಕನೆಯ ಸಲ ತಪ್ಪಿದಾಗ ಅವಳು ಪೆನ್ನು ಬದಿಗಿಟ್ಟು, "ನೀವು ಸ್ವಲ್ಪ ಸರೀರಿ ಅಂಕಲ್" ಎಂದಳು. ಸರಿದೆ. ಅವಳು ಬಡಿದಳು.

ಉಸ್ತಾದ್ ಅಂಗೈ ಎತ್ತಲಿಲ್ಲ.

"ಹಾಂ," ಎಂದ ಮಗಳಿಗೆ. "ಇದು."